ಎರಡೇ ವಾದ್ಯ, ಒಂದು ಸಂಜೆ

ಇವತ್ತಿನ ಕಛೇರಿಯಲ್ಲಿ ಪಿಯಾನೊ ಇಲ್ಲ, ತಾಳ ಹಿಡಿಯುವವರೂ ಇಲ್ಲ. ಬ್ರೆಜಿಲ್‌ನ ಸಂಯೋಜಕ ವಿಲಾ-ಲೋಬೊಸ್ 1938ರಲ್ಲಿ ಫ್ಲೂಟ್ ಮತ್ತು ಬಸೂನ್‌ಗೆ (ತಗ್ಗು ದನಿಯ ಉದ್ದನೆಯ ಊದುವಾದ್ಯ) ಬರೆದ, ‘ಬಾಕಿಯಾನಸ್ ಬ್ರಸಿಲೈರಸ್’ ಸರಣಿಯ ಆರನೆಯ ಕೃತಿ ಇನ್ನೂ ಕಿವಿಯಲ್ಲೇ ಇದೆ. ನಮ್ಮ ನಾಗಸ್ವರಕ್ಕೆ ಹಿಂದೆ ಒತ್ತು ಇರುತ್ತದೆ, ಶ್ರುತಿಗೆ ಆಸರೆ. ಇಲ್ಲಿ ಅದೂ ಇಲ್ಲ. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರೇ ರಾಗವನ್ನು ಎತ್ತಿ ಹಿಡಿಯಬೇಕು. ಮುಂದಿನ ಸಾಲಲ್ಲಿ ಕೂತಿದ್ದೆ. ಬಸೂನ್ ಕೀಲಿಗಳ ಟಕಟಕ, ಫ್ಲೂಟ್‌ನವರು ಸರಕ್ಕನೆ ಎಳೆದುಕೊಂಡ ಉಸಿರು, ಎಲ್ಲ ಕೇಳಿಸುತ್ತಿತ್ತು. ದೊಡ್ಡ ಆರ್ಕೆಸ್ಟ್ರಾದಲ್ಲಿ ಇದು ಸಿಗೋದಿಲ್ಲ, ಅಲ್ವಾ?

ಆಮೇಲೆ ಫ್ರೆಂಚ್ ಸಂಯೋಜಕ ಪುಲಾಂಕ್‌ನ, ಎರಡು ಕ್ಲಾರಿನೆಟ್‌ಗಳಿಗಾಗಿನ ಸೊನಾಟಾ. 1918ರಲ್ಲಿ, 19ನೇ ವಯಸ್ಸಿಗೆ ಬರೆದದ್ದು. ಪುಟ್ಟದು, ತುಂಬಾ ತುಂಟ. ಇಬ್ಬರು ಒಬ್ಬರನ್ನೊಬ್ಬರು ಇಷ್ಟು ಗಮನವಿಟ್ಟು ಕೇಳೋದನ್ನು ನೋಡುವುದಕ್ಕಾದರೂ ಇಂಥ ಕಛೇರಿಗೆ ಹೋಗಿ.