ಕಾಫಿಗೆ ಯಾಕೆ ಹುತ್ತರಿ ಇಲ್ಲ?

ನವೆಂಬರ್ ಕೊನೆ ಬಂತು ಅಂದ್ರೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಎರಡು ಥರದ ಮೆಸೇಜ್ ಹಿಂದೆಮುಂದೆ ಬರ್ತವೆ. ಅಮೆರಿಕದಲ್ಲಿರೋ ಚಿಕ್ಕಪ್ಪನ ಮಗಳು ಓವನ್ನಿಂದ ಈಗಷ್ಟೇ ತೆಗೆದ ಟರ್ಕಿ ಕೋಳಿ ಫೋಟೋ ಹಾಕಿ ಹ್ಯಾಪಿ ಥ್ಯಾಂಕ್ಸ್‌ಗಿವಿಂಗ್ ಅಂತಾಳೆ, ಅದರ ಕೆಳಗೇ ದೊಡ್ಡಪ್ಪ ನಮ್ಮ ಕೊಡಗಿನ ಹೊಸ ಭತ್ತದ ಹಬ್ಬ ಹುತ್ತರಿಯ ಪೇಪರ್ ಕಟಿಂಗ್ ಹಾಕ್ತಾರೆ, ನೆರೆ ಕಟ್ಟೋದು ಇಷ್ಟು ಗಂಟೆಗೆ, ಕದಿರು ಅಂದ್ರೆ ಭತ್ತದ ತೆನೆ ತೆಗೆಯೋದು ಇಷ್ಟಕ್ಕೆ, ಪ್ರಸಾದ ಇಷ್ಟಕ್ಕೆ ಅಂತ. ಈ ಸಲ ಅವಳು ಒಂದು ಪ್ರಶ್ನೆ ಕೇಳಿದ್ಳು. "ಅಣ್ಣಾ, ನಮ್ಮನೇಲಿ ನಾಲ್ಕು ಕಾಸು ಬರೋದೇ ಕಾಫೀಲಿ, ನಮ್ಮನ್ನೆಲ್ಲ ಓದಿಸಿದ್ದೂ ಕಾಫಿನೇ, ಹಬ್ಬ ಮಾತ್ರ ಭತ್ತಕ್ಕೆ ಯಾಕೆ?" ಗ್ರೂಪಲ್ಲಿ ಯಾರೂ ಉತ್ತರ ಕೊಡ್ಲಿಲ್ಲ, ದೊಡ್ಡಪ್ಪ ಒಂದು ಕೈಮುಗಿಯೋ ಇಮೋಜಿ ಹಾಕಿ ಸುಮ್ಮನಾದ್ರು. ನನಗೆ ಮಾತ್ರ ಅದು ತಲೇಲಿ ಕೂತ್ಬಿಡ್ತು.

ನಿಜ ಅಲ್ವಾ. ಇಡೀ ದೇಶದ ಕಾಫೀಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಭಾಗ ನಮ್ಮ ಈ ಪುಟ್ಟ ಜಿಲ್ಲೇದೇ. ಹುತ್ತರಿ ಟೈಮಿಗೆ ಸರಿಯಾಗಿ ಅರೇಬಿಕಾ ಹಣ್ಣಾಗಿ ಕೊಯ್ಲು ನಡೀತಾ ಇರುತ್ತೆ, ಜನವರಿಗೆ ರೋಬಸ್ಟಾ. ತೋಟ ಪೂರ್ತಿ ಕೆಂಪು. ಆದ್ರೆ ಕಾಫಿ ಹಣ್ಣಿನ ಮುಂದೆ ನಿಂತು ಪೊಲಿ ಪೊಲಿ ದೇವಾ, ಅಂದ್ರೆ ಹೆಚ್ಚಲಿ ದೇವರೇ, ಅಂತ ಕೂಗಿದವರನ್ನ ನಾನಂತೂ ನೋಡಿಲ್ಲ. ಆ ಕೂಗು ಗದ್ದೇಲೇ.

ಹೊರಗಿನವರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಹುತ್ತರಿಗೆ ಕ್ಯಾಲೆಂಡರಲ್ಲಿ ಫಿಕ್ಸ್ ಡೇಟ್ ಇಲ್ಲ, ಕಕ್ಕಬ್ಬೆ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ರೋಹಿಣಿ ನಕ್ಷತ್ರ, ಹುಣ್ಣಿಮೆ ಎಲ್ಲ ನೋಡಿ ಮುಹೂರ್ತ ಇಡ್ತಾರೆ, ನವೆಂಬರ್ ಕೊನೆ ಇಲ್ಲಾಂದ್ರೆ ಡಿಸೆಂಬರ್‌ನಲ್ಲಿ ಬರುತ್ತೆ. ಕೊಡವರು ಪುತ್ತರಿ ಅಂತಾರೆ, ನಮ್ಮಂಥ ಅರೆಭಾಷೆಯವರು ಹುತ್ತರಿ ಅಂತೀವಿ, ಗದ್ದೆ ಬದಿ ಒಂದೇ. ರಾತ್ರಿ ಮನೆ ಹಿರಿಯರು ಅಶ್ವತ್ಥ, ಮಾವು ಹೀಗೆ ಐದು ಥರದ ಎಲೆ ಸೇರಿಸಿ ನಾರಲ್ಲಿ ಕಟ್ತಾರೆ, ಅದೇ ನೆರೆ. ಆಮೇಲೆ ದೀಪ ಹಿಡ್ಕೊಂಡು ಎಲ್ಲರೂ ಸಾಲಾಗಿ ಗದ್ದೆಗೆ. ಪೈರಿನ ಬುಡಕ್ಕೆ ಹಾಲು ಜೇನು ಹಾಕಿ, ಕೋವಿಯಿಂದ ಆಕಾಶಕ್ಕೆ ಒಂದು ಗುಂಡು, ಮಕ್ಕಳ ಪಟಾಕಿ, ಆ ಸದ್ದಿನ ಮಧ್ಯೆ ಕದಿರು ಕುಯ್ಯೋದು, ಅದೂ ಬೆಸ ಲೆಕ್ಕದಲ್ಲಿ, ಮೂರೋ ಐದೋ ಏಳೋ. ಮನೆಗೆ ತಂದು ದೇವರ ದೀಪಕ್ಕೆ, ಬಾಗಿಲಿಗೆ, ಕೊಟ್ಟಿಗೆಗೆ ಕಟ್ತೀವಿ. ಈಗೀಗ ಜೀಪಿಗೂ ಗೇಟಿಗೂ. ನಮ್ಮನೇಲಿ ಹಣ್ಣಿನ ಸಿಪ್ಪೆ ಬಿಡಿಸೋ ಕಾಫಿ ಪಲ್ಪರ್ ಮಿಷನ್ಗೂ ಒಂದು ಕಟ್ತೀವಿ, ಕಾಫಿಗೆ ಹುತ್ತರೀಲಿ ಸಿಗೋ ಮರ್ಯಾದೆ ಅಷ್ಟೇ, ಅದೂ ಭತ್ತದ ಕದಿರಿಂದ!

ಆಮೇಲೆ ತಿನ್ನೋ ವಿಷಯ, ನನಗೆ ಹಬ್ಬ ಅಂದ್ರೆ ಮುಕ್ಕಾಲು ಪಾಲು ಇದೇ. ಕದಿರಿಂದ ಕೈಯಲ್ಲೇ ನಾಲ್ಕು ಕಾಳು ಸುಲಿದು ಪಾಯಸಕ್ಕೆ ಹಾಕೋದು. ತಂಬಿಟ್ಟು ಮಾಡೋದಂತೂ ನಮ್ಮ ಅವ್ವನ ಡಿಪಾರ್ಟ್ಮೆಂಟ್, ಅಕ್ಕಿ ಮತ್ತೆ ಸ್ವಲ್ಪ ಮೆಂತ್ಯ ಘಮ್ ಅನ್ನೋ ತನಕ ಹುರಿದು ಪುಡಿ ಮಾಡಿಟ್ಟಿರ್ತಾರೆ, ಆ ರಾತ್ರಿ ಸಿಪ್ಪೆ ಕಪ್ಪಾಗೋಷ್ಟು ಕಳಿತ ಬಾಳೆಹಣ್ಣನ್ನ ಕೈಯಲ್ಲೇ ಕಿವುಚಿ ಅದಕ್ಕೆ ಪುಡಿ ಸೇರಿಸ್ತಾ ಸೇರಿಸ್ತಾ ನಾದೋದು, ನೀರು ಒಂದು ತೊಟ್ಟೂ ಇಲ್ಲ, ಹಣ್ಣು ಎಷ್ಟು ಕುಡಿಯುತ್ತೋ ಅಷ್ಟೇ ಪುಡಿ. ಮೇಲೆ ಗುಂಡಿ ಮಾಡಿ ತುಪ್ಪ ಸುರಿದು, ಎಳ್ಳು, ತೆಂಗಿನತುರಿ. ಮಿಕ್ಸಿಗೆ ಹಾಕಿದ್ರೆ ಅಂಟಂಟು ಆಗುತ್ತೆ ಅಂತ ಅವ್ವನ ವಾದ, ನಾನು ಒಪ್ತೀನಿ.

ಹುತ್ತರಿ ಗೆಣಸು ಇನ್ನೊಂದು. ಬೆಂಗಳೂರಿನ ಫ್ರೆಂಡ್ಸ್ ಗೆಣಸು ಅಂದ ತಕ್ಷಣ ಸಿಹಿಗೆಣಸು ಅನ್ಕೋತಾರೆ, ಅದಲ್ಲ ಮಾರಾಯ್ರೆ. ಇದು ಮರಕ್ಕೆ ಹಬ್ಬೋ ಬಳ್ಳಿ, ನೆಲದೊಳಗೆ ಬೆಳೆಯೋ ಗೆಡ್ಡೆಗೆ ಒಂದು ಶೇಪ್ ಅಂತ ಇಲ್ಲ, ಹೊರಗೆ ಕಪ್ಪು, ಬೇರಿನ ಕೂದಲು, ಕೊಯ್ದ್ರೆ ಒಳಗೆ ನೇರಳೆ. ಹೆಚ್ಚುವಾಗ ಲೋಳೆ ಲೋಳೆ, ಕೆಲವರಿಗೆ ಕೈ ತುರಿಸುತ್ತೆ. ಬೇಯಿಸಿ ಜೇನಿನ ಜೊತೆ ತಿಂದ್ರೆ ಮಾತಿಲ್ಲ. ಹಬ್ಬದ ಮುಂಚಿನ ಮಡಿಕೇರಿ ಸಂತೇಲಿ ರಾಶಿ ಹಾಕಿ ಮಾರ್ತಾರೆ.

ಈ ಗೆಣಸಿನ ನೆಂಟರು ನೈಜೀರಿಯಾದಲ್ಲಿದ್ದಾರೆ. ಸುಮ್ಮನೆ ಹೇಳ್ತಿಲ್ಲ, ಸಸ್ಯಶಾಸ್ತ್ರದ ಲೆಕ್ಕದಲ್ಲಿ ಎರಡೂ ಡಯಾಸ್ಕೋರಿಯಾ ಕುಲದ್ದೇ, ಜಾತಿ ಬೇರೆ. ಪ್ರಪಂಚದ ಈ ಕುಲದ ಗೆಣಸಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಬೆಳೆಯೋದು. ಅಲ್ಲಿನ ಇಗ್ಬೋ ಜನಕ್ಕೆ ಬೆಳೆಗಳ ರಾಜ ಅಂದ್ರೆ ಗೆಣಸು, ಆಗಸ್ಟ್ ಸುಮಾರಿಗೆ ಇರಿ ಜಿ ಅಂತ ಹೊಸ ಗೆಣಸಿನ ಹಬ್ಬ. ಹಬ್ಬಕ್ಕೆ ಮುಂಚೆ ಹೊಸ ಗೆಣಸು ಬಾಯಿಗೆ ಹಾಕೋ ಹಾಗಿಲ್ಲ, ಹಳೇದನ್ನೆಲ್ಲ ಹಿಂದಿನ ದಿನವೇ ತಿಂದು ಮುಗಿಸ್ಬೇಕು ಇಲ್ಲಾ ಬಿಸಾಕ್ಬೇಕು, ದೇವರಿಗೆ ಪಿತೃಗಳಿಗೆ ಕೊಟ್ಟು, ಊರಿನ ರಾಜನೋ ಹಿರಿಯನೋ ಮೊದಲ ತುಂಡು ತಿಂದ ಮೇಲೆ ಬೇರೆಯವರು. ನಮ್ಮಲ್ಲೂ ಹಿರಿಯರು ಕದಿರು ತೆಗೆಯೋ ತನಕ ಹೊಸ ಅಕ್ಕಿ ಮುಟ್ಟೋ ಹಾಗಿಲ್ಲ ತಾನೇ. ಮಧ್ಯೆ ಒಂದಿಡೀ ಸಮುದ್ರ ಇದೆ, ಯಾರೂ ಯಾರನ್ನೂ ಕೇಳಿ ಮಾಡಿದ್ದಲ್ಲ.

ಘಾನಾದ ಅಕ್ರಾ ಕಡೆಯ ಗಾ ಜನದ ಹೋಮೋವೋ ನನಗೆ ಇನ್ನೂ ಇಷ್ಟ. ಒಂದು ಕಾಲದಲ್ಲಿ ಭಯಂಕರ ಬರ ಬಂದು, ಆಮೇಲೆ ಬೆಳೆ ಚೆನ್ನಾಗಿ ಬಂದಾಗ ಜನ ಹಸಿವನ್ನೇ ಎದುರು ನಿಲ್ಸಿ ಗೇಲಿ ಮಾಡಿದ್ರಂತೆ, ಹಬ್ಬ ಹುಟ್ಟಿದ್ದು ಹಾಗೆ. ದೇವರಿಗೆ ಕೈಮುಗಿಯೋದು ಎಲ್ಲ ಕಡೆ ಇದೆ, ಹಸಿವಿಗೆ ಹೋಗಲೋ ಅನ್ನೋದು ಇವರೇ ಇರಬೇಕು. ಮೆಕ್ಕೆಜೋಳದ ಹಿಟ್ಟು ಹುಳಿ ಬರಿಸಿ ಹಬೆಯಲ್ಲಿ ಬೇಯಿಸಿ, ಪಾಮ್ ಕಾಯಿ ಸಾರಿನ ಜೊತೆ ತಿನ್ನೋ ಪೋಕ್ಪೋಯ್ ಅನ್ನೋ ಅಡುಗೆ, ಮುಖ್ಯಸ್ಥರು ಬೀದೀಲಿ ಅದನ್ನ ಚೆಲ್ಲಿಕೊಂಡು ಹೋಗ್ತಾರೆ, ಸತ್ತ ಹಿರಿಯರಿಗೆ ಅಂತ. ಕಲಬುರಗಿ ಕಡೆಯವರು ಇದನ್ನ ಓದಿದ್ರೆ ಎಳ್ಳಮಾವಾಸ್ಯೆ ದಿನ ಹೊಲದಲ್ಲಿ ಚರಗ ಅಂತ ಅಡುಗೆ ಚೆಲ್ಲೋದು ನೆನಪಾಗ್ದೆ ಇರಲ್ಲ. ಇನ್ನೊಂದು, ಹಬ್ಬಕ್ಕೆ ಮುಂಚೆ ಸುಮಾರು ಒಂದು ತಿಂಗಳು ಅಕ್ರಾದಲ್ಲಿ ಡೋಲು, ಗಲಾಟೆ ಬಂದ್. ನಮ್ಮೂರ ದೇವಸ್ಥಾನದಲ್ಲಿ ಹಬ್ಬಕ್ಕೆ ಕಟ್ಟು ಬಿದ್ರೆ ಮದುವೆ ಇಲ್ಲ, ಮರ ಕಡಿಯೋ ಹಾಗಿಲ್ಲ ಅಂತೀವಲ್ಲ, ಅದೇ ಸೈಜಿನ ರೂಲ್ಸು. ಮತ್ತೆ ಗಮನಿಸಿ, ಕೋಕೋ ಬೆಳೆಯೋ ದೇಶಗಳಲ್ಲಿ ಘಾನಾ ಮೊದಲ ಸಾಲಲ್ಲಿದೆ. ಚಾಕಲೇಟ್ ಪ್ರಪಂಚಕ್ಕೆಲ್ಲ ಹೋಗುತ್ತೆ, ಹೋಮೋವೋ ಮಾತ್ರ ಮೆಕ್ಕೆಜೋಳಕ್ಕೆ.

ಅಲ್ಲಿಗೆ ತಂಗಿ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ ಆಯ್ತು. ಜನ ಹಬ್ಬ ಮಾಡೋದು ಲಾರಿ ಹತ್ತಿ ಹೋಗೋ ಬೆಳೆಗಲ್ಲ, ಮನೆ ಪಾತ್ರೇಲಿ ಬೇಯೋ ಬೆಳೆಗೆ. ಜಪಾನಲ್ಲಿ ನೋಡಿ, ನವೆಂಬರ್ 23ಕ್ಕೆ ನೀನಾಮೆಸಾಯ್ ಅಂತ, ಸಾಮ್ರಾಟ ಹೊಸ ಅಕ್ಕಿಯನ್ನ ದೇವರಿಗೆ ಇಟ್ಟು ಆಮೇಲೆ ತಾನು ತಿನ್ನೋದು. ಅರಮನೆ ಒಳಗೇ ಒಂದು ಸಣ್ಣ ಗದ್ದೆ ಇದೆ, 1927ರಿಂದ ಸಾಮ್ರಾಟರೇ ಅಲ್ಲಿ ನಾಟಿ ಮಾಡಿ ಕುಡುಗೋಲು ಹಿಡಿದು ಕುಯ್ತಾರೆ. ಕಾರು ಮಾರಿ ದುಡ್ಡು ಮಾಡಿದ ದೇಶ, ಕೈಮುಗಿಯೋದು ಅಕ್ಕಿಗೆ. ಯುದ್ಧ ಆದ ಮೇಲೆ 1948ರಲ್ಲಿ ಸರ್ಕಾರಿ ರಜೆಯ ಹೆಸರು ಬದಲಾಗಿ ಕಾರ್ಮಿಕರಿಗೆ ಕೃತಜ್ಞತೆ ಹೇಳೋ ದಿನ ಆಯ್ತು, ಅರಮನೆ ಪೂಜೆ ಅದರ ಪಾಡಿಗೆ ನಡೀತಾ ಇದೆ. ಪಶ್ಚಿಮ ಒಡಿಶಾದ ನುವಾಖಾಯಿ ಕೂಡ ಹುತ್ತರಿಯ ಸ್ವಂತ ಅಕ್ಕನ ಹಾಗೇ, ಗಣೇಶ ಚೌತಿ ಮಾರನೇ ದಿನ, ಸಂಬಲ್‌ಪುರದ ಸಮಲೇಶ್ವರಿ ದೇವಿಗೆ ಲಗ್ನ ನೋಡಿ ಹೊಸ ಅಕ್ಕಿ ಅರ್ಪಿಸಿದ ಮೇಲೆ ಮನೆ ಮನೇಲಿ ಊಟ, ಊಟ ಆದ ಮೇಲೆ ಚಿಕ್ಕವರು ದೊಡ್ಡವರ ಕಾಲಿಗೆ ಬಿದ್ದು ವರ್ಷದ ಜಗಳ ಎಲ್ಲ ಅಲ್ಲಿಗೆ ಬಿಡೋದು. ಈ ಕೊನೇ ಐಟಂ ನಮ್ಮ ಗ್ರೂಪಿಗೂ ಬಂದ್ರೆ ಒಳ್ಳೇದಿತ್ತು, ತೋಟದ ಬೇಲಿ ಕೇಸು ಹಾಗೇ ಇದೆ.

ಅಮೆರಿಕದ ಥ್ಯಾಂಕ್ಸ್‌ಗಿವಿಂಗ್‌ದು ಬೇರೆ ಕಥೆ. 1621ರಲ್ಲಿ ಪ್ಲಿಮತ್‌ನಲ್ಲಿ ಐವತ್ತು ಚಿಲ್ಲರೆ ಇಂಗ್ಲಿಷರು, ತೊಂಬತ್ತು ಜನ ವಾಂಪನೋಗ್ ಮೂಲನಿವಾಸಿಗಳು ಮೂರು ದಿನ ಕೂತು ಉಂಡರು, ಮೂಲನಿವಾಸಿಗಳು ಐದು ಜಿಂಕೆ ತಂದಿದ್ರು. ರಾಷ್ಟ್ರೀಯ ಹಬ್ಬ ಅಂತ ಲಿಂಕನ್ ಘೋಷಣೆ ಮಾಡಿದ್ದು 1863ರಲ್ಲಿ, ಅಂತರ್ಯುದ್ಧದ ನಡುವೆ. 1939ರಲ್ಲಿ ರೂಸ್‌ವೆಲ್ಟ್ ಕ್ರಿಸ್‌ಮಸ್ ವ್ಯಾಪಾರಕ್ಕೆ ಒಂದು ವಾರ ಜಾಸ್ತಿ ಸಿಗ್ಲಿ ಅಂತ ಹಬ್ಬಾನೇ ಅಷ್ಟು ಮೊದಲಿಗೆ ಎಳೆದ್ರು, ಜನ ಸಿಟ್ಟಾದ್ರು, ಅರ್ಧ ರಾಜ್ಯಗಳು ಒಂದು ವಾರ, ಉಳಿದವು ಇನ್ನೊಂದು ವಾರ, ಕೊನೆಗೆ 1941ರಲ್ಲಿ ನಾಲ್ಕನೇ ಗುರುವಾರ ಅಂತ ಕಾನೂನೇ ಆಯ್ತು. ನಮ್ಮಲ್ಲಿ ರೋಹಿಣಿ ನಕ್ಷತ್ರ, ಅಲ್ಲಿ ಅಂಗಡಿ ಮಾಲೀಕರು! ಅದೇ ದಿನ ಪ್ಲಿಮತ್‌ನಲ್ಲಿ 1970ರಿಂದ ಮೂಲನಿವಾಸಿಗಳು ಶೋಕದ ದಿನ ಆಚರಿಸ್ತಾರೆ, ಜಿಂಕೆ ತಂದವರಿಗೆ ಆಮೇಲೆ ಏನಾಯ್ತು ಅಂತ ನೆನಪಿಸೋಕೆ. ತಂಗಿಗೆ ಇದನ್ನ ಹೇಳಿದ್ರೆ ಗೊತ್ತು ಅಣ್ಣಾ, ಮಗನ ಸ್ಕೂಲಲ್ಲೂ ಹೇಳಿಕೊಡ್ತಾರೆ ಅಂದ್ಳು.

ಮಾರೋ ಬೆಳೆಗೆ ಹಬ್ಬ ಇಲ್ವೇ ಇಲ್ಲ ಅಂತಾನೂ ಇಲ್ಲ. ದ್ರಾಕ್ಷಿಗೆ ಇದೆ. ಸ್ವಿಟ್ಜರ್ಲೆಂಡಿನ ವೆವೇ ಊರಲ್ಲಿ ದ್ರಾಕ್ಷಿ ತೋಟದವರ ದೊಡ್ಡ ಹಬ್ಬ ಒಂದಿದೆ, ಒಂದು ತಲೆಮಾರಿಗೆ ಒಂದು ಸಲ ನಡೆಯೋದು, 1999ರಲ್ಲಿ ಆಗಿತ್ತು, ಆಮೇಲೆ 2019ರಲ್ಲಿ. ಅದರ ಮೂಲ ಉದ್ದೇಶ ದೇವರಲ್ಲ, ಮಾಲೀಕನೂ ಅಲ್ಲ, ತೋಟದಲ್ಲಿ ಚೆನ್ನಾಗಿ ಕೆಲಸ ಮಾಡಿದ ಕೆಲಸಗಾರರನ್ನ ಊರ ಮುಂದೆ ಕರೆದು ಕಿರೀಟ ತೊಡಿಸೋದು. ಅವರು ಬೆಳೆದ ವೈನ್ ಅವರೂ ಕುಡೀತಾರೆ. ನಾವು ಒಳ್ಳೇ ಕಾಫಿ ಮೂಟೆ ಕಟ್ಟಿ ಕಳಿಸಿ, ಉಳಿದಿದ್ದಕ್ಕೆ ಚಿಕೋರಿ ಬೆರೆಸಿ ಕುಡಿಯೋರು, ಹಬ್ಬ ಎಲ್ಲಿಂದ ಬರ್ಬೇಕು?

ಈಗ ಕಷ್ಟ ಏನಂದ್ರೆ ಆ ಪಾತ್ರೆಗೆ ಬರೋ ಅಕ್ಕಿನೂ ನಮ್ಮದಲ್ಲ. ನಮ್ಮೂರಲ್ಲೇ ನೋಡಿ, ಗದ್ದೆ ಪಾಳು ಬಿದ್ದಿದೆ, ಇಲ್ಲಾ ಶುಂಠಿ, ಇಲ್ಲಾ ಮಣ್ಣು ತುಂಬಿಸಿ ಹೋಂಸ್ಟೇ. ಬೈಯೋಕೆ ನನಗೆ ಮನಸ್ಸಿಲ್ಲ, ನಾಟಿಗೆ ಆಳು ಸಿಗಲ್ಲ, ಸಿಕ್ಕಿದ್ರೆ ಕೂಲಿ ಕೊಟ್ಟು ಪೂರೈಸಲ್ಲ, ಎಲ್ಲ ಆಗಿ ತೆನೆ ಬಾಗೋ ಟೈಮಿಗೆ ಸರಿಯಾಗಿ ಆನೆ ಬರುತ್ತೆ, ತಿನ್ನೋದಕ್ಕಿಂತ ತುಳಿಯೋದೇ ಜಾಸ್ತಿ. ಅಂಗಡಿ ಅಕ್ಕಿನೇ ಅಗ್ಗ. ಹಾಗಾಗಿ ಹುತ್ತರಿ ರಾತ್ರಿ ಕದಿರಿಗೆ ಗದ್ದೆ ಉಳಿದವರ ಮನೆ ಹುಡುಕಿಕೊಂಡು ಹೋಗ್ತಾರೆ, ಬೆಂಗಳೂರಲ್ಲಿರೋರಿಗೆ ಇಲ್ಲಿಂದ ಕದಿರು ಕಟ್ಟಿ ಕಳಿಸ್ತಾರೆ. ಇದು ಬರೀ ಶಾಸ್ತ್ರ ಆಯ್ತು ಅಂತ ಮೂಗು ಮುರಿಯೋರಿದ್ದಾರೆ. ನನಗೆ ಹಾಗನ್ಸಲ್ಲ. ಇಂಗ್ಲೆಂಡಿನ ಚರ್ಚುಗಳ ಸುಗ್ಗಿ ಪೂಜೇಲಿ ಈಗ ಜನ ಗೋಧಿ ತೆನೆ ಬದಲು ಬೀನ್ಸ್ ಡಬ್ಬ ತಂದು ಇಡ್ತಾರೆ, ಅದು ಆಮೇಲೆ ಇಲ್ಲದವರ ಮನೆಗೆ ಹೋಗುತ್ತೆ, ಅದೇನು ಕಮ್ಮಿ ಹಬ್ಬಾನಾ. ಕದಿರು ಪಕ್ಕದ ಮನೇದಾದ್ರೂ ಪರವಾಗಿಲ್ಲ, ಆದ್ರೆ ಊರಲ್ಲಿ ಒಬ್ಬರಾದ್ರೂ ಗದ್ದೆ ಇಟ್ಕೋಬೇಕು. ನಾವು ಮನೆ ಕೆಳಗಿನ ಒಂದು ತುಂಡು ಇಟ್ಕೊಂಡಿದೀವಿ, ಲೆಕ್ಕ ಹಾಕಿದ್ರೆ ಪ್ರತಿ ವರ್ಷ ಲಾಸ್.

ಆ ಗದ್ದೆಯ ಹುಲ್ಲಿಗೆ ಕಳೆದ ಜನವರೀಲಿ ಹೊಸ ಗಿರಾಕಿ ಬಂದ್ರು. ರೋಬಸ್ಟಾ ಕುಯ್ಯೋಕೆ ಅಸ್ಸಾಂನಿಂದ ಬಂದ ಹುಡುಗರು ನಮ್ಮ ತೋಟದ ಕೆಲಸಗಾರರ ಲೈನ್ ಮನೇಲಿದ್ರು. ಸಂಕ್ರಾಂತಿ ಹಿಂದಿನ ದಿನ ಒಬ್ಬ ಬಂದು "ಸಾರ್, ಹುಲ್ಲು ಕೊಡಿ, ಬಿದಿರು ಕೊಡಿ" ಅಂದ. ದನಕ್ಕಾ ಅಂದ್ರೆ ಅಲ್ಲ, ಬಿಹು ಅಂದ. ಅಸ್ಸಾಂನಲ್ಲಿ ಮಾಘ ಬಿಹು ಅಂದ್ರೆ ಭತ್ತದ ಕೊಯ್ಲು ಮುಗಿದ ಹಬ್ಬ, ಹಿಂದಿನ ರಾತ್ರಿ ಉರುಕಾ ಅಂತ, ಹುಲ್ಲು ಬಿದಿರಲ್ಲಿ ಗುಡಿಸಲು ಕಟ್ಟಿ ಒಟ್ಟಿಗೆ ಅಡುಗೆ ಮಾಡಿ ಉಣ್ಣೋದು, ಬೆಳಗಿನ ಜಾವ ಸ್ನಾನ ಮಾಡಿ ಮೇಜಿ ಅನ್ನೋ ದೊಡ್ಡ ಬೆಂಕಿ ಹಾಕೋದು. ಕಾಫಿ ಒಣಗಿಸೋ ಕಣದಿಂದ ದೂರ ಇರ್ಲಿ ಅಂತ ಒಂದೇ ಕಂಡೀಷನ್ ಹಾಕಿ ಕೊಟ್ಟೆ. ರಾತ್ರಿ ಹೋಗಿ ನೋಡಿದ್ರೆ ಮೀನು ಸಾರು, ಅನ್ನ, ಒಬ್ಬ ವಿಡಿಯೋ ಕಾಲಲ್ಲಿ ಮನೆಯವರಿಗೆ ಗುಡಿಸಲು ತೋರಿಸ್ತಾ ಇದ್ದ, ಅವನ ಮನೆಯವರು ಅವರ ಗುಡಿಸಲು ಇವನಿಗೆ. ಊರಲ್ಲಿ ಅವನದ್ದೂ ಸ್ವಲ್ಪ ಗದ್ದೆ ಇದೆಯಂತೆ, ಈ ಸಲ ಅಣ್ಣ ಒಬ್ಬನೇ ಕುಯ್ದನಂತೆ. ಅಕ್ಕಿ ಹಿಟ್ಟಲ್ಲಿ ಕಪ್ಪೆಳ್ಳು ಬೆಲ್ಲ ಸುತ್ತಿದ ಪಿಠಾ ನನಗೂ ಒಂದು ತಟ್ಟೆ ಕೊಟ್ರು. ಅವ್ವನಿಗೆ ತಂದುಕೊಟ್ಟೆ, ತಿಂದು ನೋಡಿ ಎಳ್ಳು ಇನ್ನೂ ಸ್ವಲ್ಪ ಹುರೀಬೇಕಿತ್ತು ಅಂದ್ರು, ಆದ್ರೂ ತಟ್ಟೆ ಖಾಲಿ ಮಾಡಿದ್ರು.

ಮಾರನೇ ದಿನ ಅವರಿಗೆ ಸಂಬಳ ಸಮೇತ ರಜೆ ಕೊಟ್ಟೆ. ಹಣ್ಣು ಉದುರ್ತಾ ಇರೋವಾಗ ಇವನಿಗೇನು ತಲೆ ಕೆಟ್ಟಿದ್ಯಾ, ನಮ್ಮ ಆಳುಗಳೂ ಈಗ ಕೇಳ್ತಾರೆ ಅಂತ ಸುತ್ತಮುತ್ತಲ ತೋಟದವರು ಗೊಣಗಿದ್ರು. ಕೇಳ್ಲಿ ಬಿಡಿ. ಈ ಜನವರೀಲೂ ಕೊಡ್ತೀನಿ, ಹುಲ್ಲು ಆಗಲೇ ಬೇರೆ ತೆಗೆದು ಅಟ್ಟದ ಮೇಲೆ ಹಾಕಿಸಿದ್ದೀನಿ.