ಜಾಕೆಟ್ಟಿನ ಒಳಗಿನ ಮಳೆ

ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಿ ಇಳಿಯುವಷ್ಟರಲ್ಲಿ ಜಾಕೆಟ್ಟಿನೊಳಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಸೋರಿರಬೇಕೆಂದು ಹೊಲಿಗೆಯ ಮೇಲಿನ ಟೇಪನ್ನು ಬೆರಳಿನಿಂದ ಸವರಿ ನೋಡಿದೆ, ಎಲ್ಲಿಯೂ ಬಿಟ್ಟಿರಲಿಲ್ಲ. ಅದು ನನ್ನದೇ ಬೆವರು.

1969ರಲ್ಲಿ ಬಾಬ್ ಗೋರ್ ಅವರು ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕನ್ನು ಕಾಯಿಸಿ ಥಟ್ಟನೆ ಎಳೆದಾಗ ದೊರೆತ ಪೊರೆಯೇ ಮಳೆ ಜಾಕೆಟ್ಟುಗಳ ಗೋರ್-ಟೆಕ್ಸ್ ಬಟ್ಟೆಗೆ ಜೀವಾಳವಾಯಿತು; ಅದರ ರಂಧ್ರಗಳು ನೀರಿನ ಹನಿ ನುಗ್ಗಲಾರದಷ್ಟು ಕಿರಿದು, ಬೆವರಿನ ಆವಿ ದಾಟುವಷ್ಟು ಹಿರಿದು. ಆದರೆ ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದರೆ ಮಾತ್ರ ಆವಿ ಹೊರಡುತ್ತದೆ, ಆಷಾಢದಲ್ಲಿ ಗಿರಿಯ ಮೇಲೆ ಮೋಡದೊಳಗೇ ನಡೆಯುವಾಗ ಆ ಅಂತರ ಬಹಳ ಕಡಿಮೆಯಾಗುತ್ತದೆ.

ಇನ್ನೊಂದು ಕಾರಣ ಹೆಗಲ ಮೇಲೆ ಕಾಣಿಸಿತು. ಹೊಸದರಲ್ಲಿ ಕೆಸುವಿನ ಎಲೆಯ ಮೇಲಿನಂತೆ ಹನಿಗಳು ಉರುಳುತ್ತಿದ್ದ ಬಟ್ಟೆ, ಬ್ಯಾಗಿನ ಪಟ್ಟಿ ಉಜ್ಜಿದ ಜಾಗದಲ್ಲಿ ಮಾತ್ರ ನೀರು ಕುಡಿದು ಕಪ್ಪಾಗಿತ್ತು. ಮೇಲ್ಬಟ್ಟೆ ಹೀಗೆ ನೆನೆದರೆ ಕೆಳಗಿನ ಪೊರೆ ಸೋರದಿದ್ದರೂ ಆವಿಗೆ ದಾರಿ ಕಟ್ಟುತ್ತದೆ. ಸೋಪಿನ ಅಂಶ ಉಳಿಯದಂತೆ ಒಗೆದು, ಲೇಬಲ್ ಒಪ್ಪುವಷ್ಟು ಹದವಾದ ಬಿಸಿ ಕೊಟ್ಟರೆ ಮೇಲ್ಬಟ್ಟೆಯ ನೀರು ಜಾರಿಸುವ ಲೇಪನ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ತೀರಾ ಸವೆದಿದ್ದರೆ ಹೊಸದಾಗಿ ಬಳಿಯಬೇಕು.

ನಮ್ಮ ಕಡೆಯ ಗದ್ದೆಗಳಲ್ಲಿ ಕಂಬಳಿಕೊಪ್ಪೆ ಹೊದ್ದವರನ್ನು ನೆನೆದೆ. ಅದು ಭಾರ ನಿಜ, ಆದರೆ ಮುಂದೆಯೂ ಕೆಳಗೂ ತೆರೆದಿರುವುದರಿಂದ ಗಾಳಿಯಾಡುತ್ತದೆ. ನಾಳೆ ಹತ್ತುವಾಗ ಕಂಕುಳಿನ ಜಿಪ್ಪನ್ನು ಮೊದಲೇ ತೆರೆದಿಡುತ್ತೇನೆ.