ನೂರಿಪ್ಪತ್ತಾ? ಲಕ್ಕಿಗಾ?

ಮಂಗಳವಾರದಿಂದ ಮೀನು ಮಾರುವ ಮಾವಶಿಯ ಈ ಎರಡು ಮಾತು ಕಿವಿಯಲ್ಲೇ ಕೂತಿವೆ. ಬಂಗಡೆ ಬುಟ್ಟಿ ಇಳಿಸಿ, ಸೆರಗಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದವಳ ಕಣ್ಣು ನನ್ನ ಕುಂಡದ ಗಿಡದ ಮೇಲೆ ಬಿತ್ತು. ಎಷ್ಟು ಕೊಟ್ರಿ ಅಂದಳು. ಹೇಳಿಬಿಟ್ಟೆ. ಸುಳ್ಳು ಹೇಳಬಹುದಿತ್ತು, ಅಲ್ವಾ?

"ನೂರಿಪ್ಪತ್ತಾ? ಲಕ್ಕಿಗಾ?"

ಕಾರವಾರದಲ್ಲಿ ಸಮುದ್ರಕ್ಕೆ ಇಷ್ಟು ಹತ್ತಿರ ಮನೆ ಮಾಡಿದರೆ ಮಣ್ಣು ಅಂದ್ರೆ ಮರಳೇ. ಗುಲಾಬಿ ಎರಡು ಸಲ ತಂದೆ, ಎರಡು ಸಲ ಸತ್ತಿತು. ದಾಸವಾಳದ ಎಲೆಯಂಚು ಉಪ್ಪುಗಾಳಿಗೆ ಸುಟ್ಟ ಹಪ್ಪಳ. ಹಾಗಾಗಿ ಸಿರ್ಸಿಗೆ ಹೋದಾಗ 'ನಿರ್ಗುಂಡಿ' ಅಂತ ಚೀಟಿ ಅಂಟಿಸಿದ್ದ ಸಸಿ ತಂದೆ. "ಏನೂ ಮಾಡ್ಬೇಡಿ ಮೇಡಂ, ಅದೇ ಬದುಕ್ತದೆ" ಎಂದಿದ್ದ ನರ್ಸರಿ ಹುಡುಗ. ಜಾಣ. ಲಕ್ಕಿ ಅಂದಿದ್ದರೆ 20 ರೂಪಾಯಿಯನ್ನೂ ಕೊಡುತ್ತಿರಲಿಲ್ಲ.

ಮನೆಗೆ ಬಂದು ಎಲೆ ಹಿಸುಕಿದಾಗಲೇ ನನಗೆ ಗೊತ್ತಾಗಿದ್ದು, ಈ ನಿರ್ಗುಂಡಿ ಅಂದ್ರೆ ನಮ್ಮ ಲಕ್ಕಿಯೇ ಅಂತ. ಐದು ಬೆರಳಿನಂಥ ಎಲೆ, ಅಡಿಯಲ್ಲಿ ಬೂದಿ ಬಳಿದಂಥ ಬಿಳುಪು. ಆ ಘಾಟು ಕುಮಟೆಯ ಅಜ್ಜಿಮನೆ ಬಚ್ಚಲಿನದು. ಹಂಡೆಯಲ್ಲಿ ಲಕ್ಕಿ ಸೊಪ್ಪು ಕುದಿಯುತ್ತಿತ್ತು, ಬಾಣಂತಿ ನೀರಿಗೆ. ಒಣಗಿದ್ದು ಅಕ್ಕಿ ಡಬ್ಬಕ್ಕೆ, ಹುಳ ಬರದಿರಲಿ ಅಂತ. ದನ ಬಾಯಿ ಹಾಕುವುದಿಲ್ಲ, ಅದಕ್ಕೇ ಬೇಲಿಗೆ. ಕಡ್ಡಿ ಮುರಿದು ಮಳೆಗಾಲದಲ್ಲಿ ಊರಿದರೆ ಸಾಕಿತ್ತು. ಅದನ್ನು ನಾನು ಗೊಬ್ಬರ ಹಾಕಿ, ಕುಂಡದಲ್ಲಿ, ಮೆಟ್ಟಿಲ ಪಕ್ಕ ಕೂರಿಸಿದ್ದೆ!

ಮಾವಶಿ ಬಾಯಿ ಜೋರು. ನಕ್ಕಿದ್ದೇ ನಕ್ಕಿದ್ದು, ಪಕ್ಕದ ಮನೆಯವರಿಗೂ ಕೇಳುವಷ್ಟು. ಆಮೇಲೆ ಬಂಗಡೆ ಎಣಿಸುತ್ತಾ ದನಿ ತಗ್ಗಿಸಿದಳು.

"ಅಮ್ಮಾ, ಒಂದು ಮುಷ್ಟಿ ಸೊಪ್ಪು ಸಿಗ್ತದಾ? ಮಗಳು ಬಾಣಂತಿ."

"ನಿಮ್ಮ ಬೇಲೀಲಿ ಇಲ್ವಾ?"

"ಬೇಲಿ ಎಲ್ಲಿದೆ? ರಸ್ತೆ ಅಗಲ ಮಾಡುವಾಗ ಹೋಯ್ತು."

ಸಂಜೆ ನಮ್ಮ ಓಣಿಯಲ್ಲಿ ಸುಮ್ನೆ ನಡೆದು ನೋಡಿದೆ. ಹನ್ನೊಂದು ಮನೆ, ಒಂದೂ ಬೇಲಿ ಇಲ್ಲ. ಎಲ್ಲ ಚಿರೇಕಲ್ಲಿನ ಗೋಡೆ, ಗೋಡೆ ಮೇಲೆ ಕುಂಡ. ಅಜ್ಜಿಮನೆ ಬೇಲಿಯಿಂದ ದಾರಿಯಲ್ಲಿ ಹೋಗುವವರೆಲ್ಲ ಸೊಪ್ಪು ಮುರಿದುಕೊಳ್ಳುತ್ತಿದ್ದರು. ಕೇಳುತ್ತಿರಲಿಲ್ಲ. ಅಜ್ಜಿಯೂ ಬೈಯುತ್ತಿರಲಿಲ್ಲ, ಮಾವಿನಕಾಯಿಗೆ ಮಾತ್ರ ಬೈಯುತ್ತಿದ್ದಳು. ಈಗ ಮಾವಶಿಯಂಥವಳೂ ಒಂದು ಮುಷ್ಟಿ ಲಕ್ಕಿಗೆ ದನಿ ತಗ್ಗಿಸಬೇಕು.

ನಿನ್ನೆ ಮತ್ತೆ ಬಂದಳು. ಗಿಡ ಆಗಲೇ ಅರ್ಧ ಬೋಳು. ಮೊಳದುದ್ದದ ಮೂರು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಗೋಡೆ ಬುಡಕ್ಕೆ ಊರು ಅಂತ ಕೊಟ್ಟೆ.

"ಎಷ್ಟು ಕೊಡ್ಲಿ?" ಅಂದಳು, ಕಣ್ಣಲ್ಲೇ ನಗುತ್ತಾ.

"ನೂರಿಪ್ಪತ್ತು" ಅಂದೆ.